ಡೆನ್ಮಾರ್ಕಿನಲ್ಲಿ ಸಿಕ್ಕ 113

ನನಗೆ 113 ಅನ್ನುವ ಸಂಖ್ಯೆ ಅರ್ಥವಾಗಿದ್ದು ಡೆನ್ಮಾರ್ಕಿನಿಂದ. ಕೇಳಿದರೆ ನಗು ಬರುತ್ತದೆ, ಗೊತ್ತು. ನಾನಿರುವುದು ವಿಧಾನಸೌಧದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ. 2018ರ ಮೇ ತಿಂಗಳಲ್ಲಿ, ಸರ್ಕಾರ ಮಾಡಲು ಎಷ್ಟು ಶಾಸಕರು ಬೇಕು ಅನ್ನುವ ಗದ್ದಲದಲ್ಲಿ, ಇಡೀ ಊರು ಆ ಸಂಖ್ಯೆಯನ್ನು ಜಪ ಮಾಡುತ್ತಿತ್ತು. ಟೀವಿಯಲ್ಲಿ 113, ಆಟೋದಲ್ಲಿ 113, ಆಫೀಸಿನ ಕ್ಯಾಂಟೀನಿನಲ್ಲೂ 113. ಆಗ ನಾನು ಮಾಡಿದ ಕೆಲಸ ಒಂದೇ. ರೆಸಾರ್ಟ್ ಜೋಕುಗಳನ್ನು ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ದಾಟಿಸಿದ್ದು.

ನಮ್ಮನೆಯಲ್ಲಿ ರಾಜಕೀಯ ಅಂದರೆ ಅದು ಅಪ್ಪನ ಇಲಾಖೆ. ಅಪ್ಪ ತುಮಕೂರಿನ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಚುನಾವಣೆ ಬಂತು ಅಂದರೆ ಡ್ಯೂಟಿ ತಪ್ಪುತ್ತಿರಲಿಲ್ಲ. ಮತಪೆಟ್ಟಿಗೆಯ ಜೊತೆ ಲಾರಿ ಹತ್ತಿ ಯಾವುದೋ ಊರಿಗೆ ಹೋಗಿ, ಅಲ್ಲಿನ ಶಾಲೆಯ ಬೆಂಚು ಜೋಡಿಸಿ ಮಲಗಿ, ಮಾರನೇ ದಿನ ಮಧ್ಯರಾತ್ರಿ ಮನೆಗೆ ಬರುತ್ತಿದ್ದರು. ಬೆರಳಲ್ಲಿ ಶಾಯಿ, ಅಂಗಿಯ ತೋಳಲ್ಲಿ ಸೀಲ್ ಮಾಡುವ ಅರಗು. ಚಿಕ್ಕವಳಾಗಿದ್ದಾಗ ನನಗೆ ಗೊತ್ತಿದ್ದ ಪ್ರಜಾಪ್ರಭುತ್ವ ಅಷ್ಟೇ, ಆ ಅರಗಿನ ವಾಸನೆ.

ಧಾರಾವಾಹಿ ಅಮ್ಮನ ಇಲಾಖೆ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿ ಬರುವ ಹೊತ್ತಿಗೆ ನಮ್ಮನೆಯಲ್ಲಿ ಕುಕ್ಕರ್ ಕೂಡ ಕೂಗುವ ಹಾಗಿರಲಿಲ್ಲ. ಕೋರ್ಟಿನ ದೃಶ್ಯ ಬಂದರೆ ಅಪ್ಪನೂ ಪೇಪರ್ ಮಡಚಿಟ್ಟು ಬಂದು ಕೂರುತ್ತಿದ್ದರು. ಇಬ್ಬರೂ ಜಗಳವಾಡದೆ ಒಂದೇ ದಿವಾನದ ಮೇಲೆ ಕೂರುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ನಾನು ಓದಿನ ನೆಪ ಹೇಳಿ ಒಳಗಿರುತ್ತಿದ್ದೆ. ರಾಜಕೀಯವೂ ಬೇಡ, ಧಾರಾವಾಹಿಯೂ ಬೇಡ ಅಂತಿದ್ದವಳಿಗೆ ಎರಡೂ ಒಟ್ಟಿಗೇ ಅಂಟಿಕೊಂಡಿದ್ದು 2020ರ ಕೊನೆಯಲ್ಲಿ.

ಆಗ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ಮುಚ್ಚಿದರೆ ಟೀವಿ, ಟೀವಿ ಆರಿಸಿದರೆ ನಿದ್ದೆ. ಒಂದು ರಾತ್ರಿ ನೆಟ್‌ಫ್ಲಿಕ್ಸ್‌ನಲ್ಲಿ ಸುಮ್ನೆ ಹುಡುಕುತ್ತಿದ್ದಾಗ ‘ಬೋರ್ಗೆನ್’ ಸಿಕ್ಕಿತು. ಡೇನಿಶ್ ಭಾಷೆಯ ಸರಣಿ. ಆಡಂ ಪ್ರೈಸ್ ಎಂಬುವವರು ಹುಟ್ಟುಹಾಕಿದ್ದು. ಅಲ್ಲಿನ ಸಾರ್ವಜನಿಕ ಟೀವಿ ವಾಹಿನಿಯಲ್ಲಿ 2010ರ ಸೆಪ್ಟೆಂಬರ್‌ನಲ್ಲೇ ಶುರುವಾಗಿತ್ತು. ನಾನು ಹತ್ತು ವರ್ಷ ತಡವಾಗಿ ಹೋದ ನೆಂಟಳು. ಬೋರ್ಗೆನ್ ಅಂದರೆ ಕೋಟೆ. ಕೋಪನ್‌ಹೇಗನ್ನಿನ ಕ್ರಿಸ್ಚಿಯನ್ಸ್‌ಬೋರ್ಗ್ ಅರಮನೆಗೆ ಅಲ್ಲಿಯ ಜನ ಇಟ್ಟ ಅಡ್ಡಹೆಸರು ಅದು. ಪಾರ್ಲಿಮೆಂಟು, ಪ್ರಧಾನಿಯ ಕಚೇರಿ, ಸುಪ್ರೀಂ ಕೋರ್ಟು ಮೂರೂ ಆ ಒಂದೇ ಕಟ್ಟಡದಲ್ಲಿವೆ. ನಮ್ಮಲ್ಲಿ ವಿಧಾನಸೌಧಕ್ಕೂ ಎದುರಿನ ಹೈಕೋರ್ಟಿಗೂ ನಡುವೆ ಒಂದು ರಸ್ತೆಯಾದರೂ ಇದೆ. ಅಲ್ಲಿ ಅದೂ ಇಲ್ಲ.

ಕಥೆಯ ನಾಯಕಿ ಬಿರ್ಗಿಟ್ಟೆ ನ್ಯೂಬೋರ್ಗ್, ಮಾಡರೇಟ್ಸ್ ಎಂಬ ಸಣ್ಣ ಪಕ್ಷದ ನಾಯಕಿ. ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುವ, ಇಬ್ಬರು ಮಕ್ಕಳ ತಾಯಿ. ಚುನಾವಣೆ ಹತ್ತಿರದಲ್ಲಿದೆ. ಆಗಿನ ಪ್ರಧಾನಿ ಲಂಡನ್ನಿನ ಅಂಗಡಿಯಲ್ಲಿ ಹೆಂಡತಿ ಆರಿಸಿಕೊಂಡ ಬ್ಯಾಗಿನ ದುಡ್ಡನ್ನು ಗಡಿಬಿಡಿಯಲ್ಲಿ ಸರ್ಕಾರದ ಕಾರ್ಡಿನಿಂದ ಕಟ್ಟಿಬಿಟ್ಟಿರುತ್ತಾನೆ. ಆ ರಸೀದಿ ನ್ಯೂಬೋರ್ಗಳ ಸಲಹೆಗಾರನ ಕೈಗೆ ಸಿಗುತ್ತದೆ. ಅವಳು ಅದನ್ನು ಬಳಸಲು ಒಪ್ಪುವುದಿಲ್ಲ. ಅವನು ಲೇಬರ್ ಪಕ್ಷದ ನಾಯಕನಿಗೆ ದಾಟಿಸುತ್ತಾನೆ, ಆತ ನೇರ ಪ್ರಸಾರದ ಚರ್ಚೆಯಲ್ಲೇ ಅದನ್ನು ಎತ್ತಿ ತೋರಿಸುತ್ತಾನೆ. ಒಂದೇ ರಾತ್ರಿಯಲ್ಲಿ ಇಬ್ಬರ ಹೆಸರೂ ಕೆಡುತ್ತದೆ, ತಿಂದವನದೂ ತೋರಿಸಿದವನದೂ. ಬರೆದುಕೊಟ್ಟ ಭಾಷಣ ಬದಿಗಿಟ್ಟು ಮನಸ್ಸಿನಲ್ಲಿದ್ದದ್ದನ್ನು ಮಾತಾಡಿದ ನ್ಯೂಬೋರ್ಗಳಿಗೆ ಜನ ವೋಟು ಹಾಕುತ್ತಾರೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಮರೆತುಬಿಡುತ್ತಿದ್ದೆ. ಒಳ್ಳೆಯವಳು ಗೆದ್ದಳು, ಶುಭಂ. ನಮ್ಮ ಸಿನಿಮಾಗಳು ಅಲ್ಲಿಗೇ ತಾನೇ ಮುಗಿಯುವುದು? ಇದು ಅಲ್ಲಿಂದ ಶುರುವಾಗುತ್ತದೆ. ಎರಡನೇ ಕಂತಿನ ಹೆಸರೇ ‘90ರವರೆಗೆ ಎಣಿಸು’.

ಡೆನ್ಮಾರ್ಕಿನ ಪಾರ್ಲಿಮೆಂಟಿನಲ್ಲಿ 179 ಸ್ಥಾನ. 175 ಡೆನ್ಮಾರ್ಕಿನದು, ಗ್ರೀನ್‌ಲ್ಯಾಂಡ್ ಮತ್ತು ಫ್ಯಾರೋ ದ್ವೀಪಗಳಿಗೆ ಎರಡೆರಡು. ಅರ್ಧ ದಾಟಬೇಕಾದರೆ 90 ಬೇಕು. ಆದರೆ ಅಲ್ಲಿ ಒಂದೇ ಪಕ್ಷ ಬಹುಮತ ಪಡೆದು ನೂರು ವರ್ಷಕ್ಕೂ ಮೇಲಾಯಿತು. ಒಂದು ಪಕ್ಷಕ್ಕೆ ನೂರಕ್ಕೆ ಎರಡು ವೋಟು ಬಿದ್ದರೂ ಪಾರ್ಲಿಮೆಂಟಿನಲ್ಲಿ ಜಾಗ ಸಿಗುತ್ತದೆ. ಹಾಗಾಗಿ ಹತ್ತಾರು ಪಕ್ಷ. ಚುನಾವಣೆ ಮುಗಿದ ಮೇಲೆ ಒಬ್ಬೊಬ್ಬ ನಾಯಕರೂ ರಾಣಿಯ ಬಳಿ (2024ರಿಂದ ರಾಜನ ಬಳಿ) ಹೋಗಿ, ಯಾರು ಮಾತುಕತೆ ನಡೆಸಲಿ ಅಂತ ತಮ್ಮ ಸಲಹೆ ಹೇಳಿ ಬರುತ್ತಾರೆ. ಆಮೇಲೆ ಕೋಣೆ ಕೋಣೆ ಅಲೆದಾಟ. ಕಾಫಿಯ ಫ್ಲಾಸ್ಕು, ಮುಚ್ಚಿದ ಬಾಗಿಲು, ಓಣಿಯಲ್ಲಿ ಪಿಸುಮಾತು. ನಿನಗೆ ಯಾವ ಖಾತೆ ಬೇಕು? ನಿನ್ನ ಪ್ರಣಾಳಿಕೆಯಲ್ಲಿ ಏನನ್ನು ಬಿಡುತ್ತೀಯ? ಆತ ಬಂದರೆ ನೀನು ಬರುತ್ತೀಯಾ?

ಆ ಕಂತು ನೋಡಿ ಅಪ್ಪನಿಗೆ ಫೋನ್ ಮಾಡಿದೆ. ರಾತ್ರಿ ಹತ್ತೂವರೆ. ಏನಾಯ್ತೋ ಅಂತ ಗಾಬರಿಯಾದರು.

“ಅಪ್ಪಾ, ನಮ್ಮ ಅಸೆಂಬ್ಲಿಲಿ 113 ಅಂದ್ರೆ 224ರಲ್ಲಿ ಅರ್ಧಕ್ಕಿಂತ ಒಂದು ಜಾಸ್ತಿ, ಅಲ್ವಾ?”

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ನಿಂಗೆ ಇದು ಈಗ ಗೊತ್ತಾಯ್ತೇನೇ? ನಲವತ್ತಾಯ್ತಲ್ಲೇ ನಿಂಗೆ” ಅಂದರು.

ಅವತ್ತಿನಿಂದ ಒಂದು ಪದ್ಧತಿ ಶುರುವಾಯಿತು. ನಾನು ರಾತ್ರಿ ಒಂದು ಕಂತು ನೋಡುವುದು, ಬೆಳಿಗ್ಗೆ ಅಪ್ಪನಿಗೆ ಕಥೆ ಹೇಳುವುದು, ಅಪ್ಪ ಅದಕ್ಕೆ ಹೊಂದುವ ಕರ್ನಾಟಕದ ಕಥೆ ಹೇಳುವುದು. ಡೆನ್ಮಾರ್ಕಿನ ಒಂದು ಕಥೆಗೆ ನಮ್ಮದು ಮೂರಾದರೂ ಇರುತ್ತಿತ್ತು. ರಾಣಿಯ ಹತ್ತಿರ ಹೋಗುವ ಪದ್ಧತಿ ಹೇಳಿದಾಗ ಅಪ್ಪ ಸೀದಾ ರಾಜಭವನಕ್ಕೆ ಬಂದರು. “2018ರಲ್ಲಿ ಜಗಳ ಇದ್ದಿದ್ದೇ ಅದು ಕಣೇ, ಮೊದಲು ಯಾರನ್ನ ಕರೀಬೇಕು ಅಂತ.”

ನಾನು ಹಿಂದೆ ಹೋಗಿ ಆ ದಿನಗಳ ಸುದ್ದಿಗಳನ್ನು ಒಂದೊಂದೇ ಓದಿದೆ. ಎರಡು ಕ್ಷೇತ್ರಗಳಲ್ಲಿ ಚುನಾವಣೆ ಮುಂದೆ ಹೋಗಿದ್ದರಿಂದ ಎಣಿಕೆಯಾಗಿದ್ದು 222. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ದೊಡ್ಡ ಪಕ್ಷಕ್ಕೆ ಬಹುಮತ ಇಲ್ಲ. ಕೈಜೋಡಿಸಿ ಬಹುಮತ ಕೂಡಿಸಿಕೊಂಡ ಕಾಂಗ್ರೆಸ್, ಜೆಡಿಎಸ್ ಇಬ್ಬರಲ್ಲಿ ಯಾರೂ ದೊಡ್ಡ ಪಕ್ಷವಲ್ಲ. ರಾಜ್ಯಪಾಲರು ದೊಡ್ಡ ಪಕ್ಷವನ್ನು ಕರೆದರು, ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ರಾತ್ರೋರಾತ್ರಿ ಕೂತು ವಿಚಾರಣೆ ನಡೆಸಿತು. ಮೇ 17ಕ್ಕೆ ಯಡಿಯೂರಪ್ಪ ಪ್ರಮಾಣ ವಚನ ತೆಗೆದುಕೊಂಡರು. ಕೋರ್ಟು ಗಡುವನ್ನು 19ಕ್ಕೆ ಇಳಿಸಿತು. ಆ ದಿನ ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. 23ಕ್ಕೆ ಆ ಮೈತ್ರಿಯ ಕುಮಾರಸ್ವಾಮಿ ಮುಖ್ಯಮಂತ್ರಿ. ಇಷ್ಟೆಲ್ಲ ನನ್ನ ಕಣ್ಣೆದುರೇ ನಡೆದಿತ್ತು. ನನ್ನ ನೆನಪಿನಲ್ಲಿ ಉಳಿದಿದ್ದು ಬಸ್ಸಿನ ಕಿಟಕಿಯಲ್ಲಿ ಕರ್ಟನ್ ಎಳೆದುಕೊಂಡ ಶಾಸಕರು ಮಾತ್ರ.

ತಮಾಷೆ ಅಂದರೆ ಡೆನ್ಮಾರ್ಕಿನಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ಅಲ್ಲಿ ಸರ್ಕಾರ ಮಾಡುವವರು ತಮ್ಮ ಪರ ಬಹುಮತ ಇದೆ ಅಂತ ತೋರಿಸಬೇಕಾಗಿಲ್ಲ. ವಿರುದ್ಧ ಬಹುಮತ ಇಲ್ಲದಿದ್ದರೆ ಸಾಕು. ಇದು ಧಾರಾವಾಹಿಯ ಕಲ್ಪನೆ ಅಂದುಕೊಂಡಿದ್ದೆ. ನಿಜವಾಗಿ 2015ರಲ್ಲಿ ಅಲ್ಲಿ ಮೂರನೇ ಸ್ಥಾನಕ್ಕೆ ಬಂದ ವೆನ್‌ಸ್ಟ್ರೆ ಎಂಬ ಪಕ್ಷ, 179ರಲ್ಲಿ 34 ಸ್ಥಾನ ಇಟ್ಟುಕೊಂಡು, ಒಬ್ಬೊಂಟಿಯಾಗಿ ಸರ್ಕಾರ ಮಾಡಿತು. ಇದನ್ನು ಹೇಳಿದಾಗ ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. “34 ಇಟ್ಕೊಂಡು ಸರ್ಕಾರನಾ? ನಮ್ಮಲ್ಲಾದ್ರೆ 34 ಬರೀ ಮಂತ್ರಿಗಳ ಸಂಖ್ಯೆ.”

ಆ ಮಾತಿನಿಂದ ನನಗೆ ಇನ್ನೊಂದು ಬಾಗಿಲು ತೆರೆಯಿತು. 2003ರ ಸಂವಿಧಾನ ತಿದ್ದುಪಡಿ ಪ್ರಕಾರ ಸದನದ ಬಲದಲ್ಲಿ ನೂರಕ್ಕೆ 15ಕ್ಕಿಂತ ಜಾಸ್ತಿ ಮಂತ್ರಿಗಳಿರುವ ಹಾಗಿಲ್ಲ. ನಮ್ಮ 224ಕ್ಕೆ ಅದು ಮುಖ್ಯಮಂತ್ರಿಯೂ ಸೇರಿ 34. ಸಂಪುಟ ವಿಸ್ತರಣೆ ಅಂದಾಗೆಲ್ಲ ಯಾಕೆ ಅಷ್ಟು ಮುಖ ಊದಿಸಿಕೊಳ್ಳುತ್ತಾರೆ ಅಂತ ಆಗ ಗೊತ್ತಾಯಿತು. ಹಂಚಬೇಕಾದ ಹೋಳಿಗೆ 34, ಎಲೆ ಹಾಕಿ ಕೂತವರು ನೂರಕ್ಕೂ ಮೇಲೆ.

ಅಪ್ಪನ ಅತಿ ಪ್ರೀತಿಯ ಕಥೆ ಎಸ್.ಆರ್. ಬೊಮ್ಮಾಯಿ ಅವರದು. 1989ರಲ್ಲಿ ಬೊಮ್ಮಾಯಿ ಮುಖ್ಯಮಂತ್ರಿ. ಹತ್ತೊಂಬತ್ತು ಶಾಸಕರು ಬೆಂಬಲ ವಾಪಸ್ ತೆಗೆದುಕೊಂಡ ಪತ್ರಗಳು ರಾಜ್ಯಪಾಲರಿಗೆ ಹೋದವು. ಅವರಲ್ಲಿ ಕೆಲವರು, ನಾವು ಹಾಗೆ ಹೇಳಿಲ್ಲ ಅಂತ ತಿರುಗಿ ಬರೆದರು. ಸದನದಲ್ಲಿ ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಅಂತ ಬೊಮ್ಮಾಯಿ ಕೇಳಿದರು. ಕೊಡಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದಲ್ಲಿ ತೀರ್ಮಾನವಾಗುವ ವಿಷಯವಲ್ಲ, ಸದನದಲ್ಲೇ ಆಗಬೇಕು. ಬೊಮ್ಮಾಯಿಗೆ ಹೋದ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಇವತ್ತು ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲ್ಲಾಡಿದರೂ ವಕೀಲರು ಮೊದಲು ಎತ್ತುವ ಹೆಸರು ನಮ್ಮ ಹುಬ್ಬಳ್ಳಿಯ ಆ ಮನುಷ್ಯನದೇ. ಇದನ್ನು ಹೇಳುವಾಗ ಅಪ್ಪನ ದನಿ ಮೇಷ್ಟ್ರ ದನಿಯಾಗುತ್ತದೆ. ಪಾಠ ಓದದೆ ಬಂದ ವಿದ್ಯಾರ್ಥಿನಿಯ ಹಾಗೆ ನಾನು ಹೂಂಗುಟ್ಟುತ್ತೇನೆ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ವಿಷಯ.

ಬೋರ್ಗೆನ್‌ನಲ್ಲಿ ಸರ್ಕಾರದ ಉಸಿರು ಒಬ್ಬೊಬ್ಬ ಸದಸ್ಯರ ಕೈಯಲ್ಲೂ ಇರುತ್ತದೆ. ಮೊದಲ ಬಜೆಟ್ ಪಾಸ್ ಮಾಡಿಸುವಷ್ಟರಲ್ಲಿ ನ್ಯೂಬೋರ್ಗ್ ಸುಸ್ತು. ತನ್ನದೇ ಮೈತ್ರಿಯವರನ್ನು ಕೂರಿಸಿಕೊಂಡು ಮಾತಾಡಬೇಕು, ಒಪ್ಪಿಸಬೇಕು, ಏನಾದರೂ ಬಿಟ್ಟುಕೊಡಬೇಕು. ನೋಡುತ್ತಾ ನೋಡುತ್ತಾ ನನಗೊಂದು ಪ್ರಶ್ನೆ ಬಂತು. ಇವರ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಇಲ್ಲವೇ? ಸುಮ್ನೆ ಆದೇಶ ಹೊರಡಿಸಿದರೆ ಆಗದೇ?

ಹುಡುಕಿದೆ. ಡೆನ್ಮಾರ್ಕಿನ ಸಂವಿಧಾನದ 56ನೇ ವಿಧಿ ಹೇಳುವುದು ಇಷ್ಟೇ. ಸದಸ್ಯರು ತಮ್ಮ ಮನಸ್ಸಿಗೆ ಸರಿ ಕಂಡದ್ದಕ್ಕೆ ಮಾತ್ರ ಬದ್ಧರು, ಮತ ಹಾಕಿದವರ ಸೂಚನೆಗೂ ಅಲ್ಲ. ಪಕ್ಷ ಬಿಟ್ಟರೂ ಸೀಟು ಹೋಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ವಿಪ್ ಮೀರಿ ಮತ ಹಾಕಿದರೆ ಶಾಸಕತ್ವವೇ ಹೋಗಬಹುದು. ಕಾರಣ ಇಲ್ಲದೆ ಬಂದ ಕಾನೂನಲ್ಲ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಕೆಲವೇ ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿದ್ದರು. ‘ಆಯಾ ರಾಮ್ ಗಯಾ ರಾಮ್’ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಬಾಗಿಲಿಗೆ ಚಿಲಕ ಬೇಕೇಬೇಕಿತ್ತು.

ಚಿಲಕ ಹಾಕಿದ ಮೇಲೆ ಏನಾಯಿತು ಅಂತ ತಿಳಿಯಲು 2019ರ ಜುಲೈ ನೋಡಬೇಕು. ನಾನು ಆ ದಿನಗಳ ಸದನದ ವಿಡಿಯೋಗಳನ್ನು ಹುಡುಕಿ ನೋಡಿದೆ. ಭಾನುವಾರದ ಮಧ್ಯಾಹ್ನಗಳಲ್ಲಿ, ಬಟ್ಟೆ ಮಡಚುತ್ತಾ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ಚರ್ಚೆ 18ಕ್ಕೆ ಶುರುವಾಗಿ 23ರ ಸಂಜೆ ಮುಗಿಯುತ್ತದೆ. ಪರ 99, ವಿರುದ್ಧ 105. ಮಾತಾಡಿದವರಲ್ಲಿ ಕೆಲವರು ನಿಜವಾಗಲೂ ಚೆನ್ನಾಗಿ ಮಾತಾಡಿದರು. ಇತಿಹಾಸ, ಪುರಾಣ, ವಚನ, ಕಾನೂನು ಎಲ್ಲ ಬಂತು. ಆದರೆ ಆ ಮಾತುಗಳು ಯಾರ ಮನಸ್ಸು ಬದಲಿಸಬೇಕಿತ್ತೋ ಅವರೇ ಅಲ್ಲಿರಲಿಲ್ಲ. ಅವರು ರಾಜೀನಾಮೆ ಬರೆದುಕೊಟ್ಟು ಮುಂಬೈಯ ಹೋಟೆಲಿನಲ್ಲಿದ್ದರು. ವಿಪ್ ಮೀರಿ ಮತ ಹಾಕಿದರೆ ಸೀಟು ಹೋಗುತ್ತದೆ, ರಾಜೀನಾಮೆ ಕೊಟ್ಟರೆ ಮತ್ತೆ ನಿಲ್ಲಬಹುದು ಅನ್ನುವ ಲೆಕ್ಕ. ಆಮೇಲೆ ಸ್ಪೀಕರ್ 17 ಜನರನ್ನು ಅನರ್ಹ ಮಾಡಿದರು. ಸುಪ್ರೀಂ ಕೋರ್ಟು ನವೆಂಬರ್‌ನಲ್ಲಿ ಅನರ್ಹತೆ ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಅಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು.

ಬಾಗಿಲಿಗೆ ಚಿಲಕ ಹಾಕಿದೆವು, ಕಿಟಕಿಯಿಂದ ಹಾರಿದರು. ಅದಕ್ಕಿಂತ ಮುಖ್ಯವಾಗಿ, ಶಾಸಕರ ಕೈಯನ್ನು ಸದನದೊಳಗೆ ಕಟ್ಟಿಹಾಕಿದ್ದರಿಂದ ಚೌಕಾಸಿ ಸದನದಿಂದ ಆಚೆ ಹೋಯಿತು. ಕ್ರಿಸ್ಚಿಯನ್ಸ್‌ಬೋರ್ಗಿನ ಓಣಿಯಲ್ಲಿ ನಡೆಯುವ ಮಾತುಕತೆ ನಮ್ಮಲ್ಲಿ ಬಿಡದಿಯ ರೆಸಾರ್ಟಿನಲ್ಲೋ ಮುಂಬೈಯ ಹೋಟೆಲಿನಲ್ಲೋ ನಡೆಯುತ್ತದೆ. ಅಲ್ಲಿ ಚೌಕಾಸಿ ಆಗುವುದು ಮಸೂದೆಯ ಒಂದು ಸಾಲಿಗೆ. ಇಲ್ಲಿ ಯಾವುದಕ್ಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಪ್ಪ ಇದನ್ನು ಪೂರ್ತಿ ಒಪ್ಪುವುದಿಲ್ಲ. “ಚಿಲಕ ತೆಗೆದ್ರೆ ದಿನಾ ಸಂತೆ ಆಗತ್ತೆ” ಅನ್ನುತ್ತಾರೆ. ವಿಶ್ವಾಸಮತ, ಬಜೆಟ್ ಇವೆರಡಕ್ಕೆ ಮಾತ್ರ ವಿಪ್ ಇರಲಿ, ಉಳಿದ ಮಸೂದೆಗಳಿಗೆ ಶಾಸಕರನ್ನು ಬಿಟ್ಟುಬಿಡಲಿ ಅಂತ ನಾನು. ಈ ವಾದ ಇನ್ನೂ ಮುಗಿದಿಲ್ಲ. ಡೆನ್ಮಾರ್ಕಿನ ಸದಸ್ಯರೂ ದಿನನಿತ್ಯ ಪಕ್ಷ ಹೇಳಿದಂತೆಯೇ ಮತ ಹಾಕುತ್ತಾರೆ ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಅಪ್ಪ ಬಿಡುವುದಿಲ್ಲ.

ಸರಣಿಯಲ್ಲಿ ನನಗೆ ನಂಬಲಾಗದ್ದೂ ಇದೆ. ಒಂದು ಗಂಟೆಯೊಳಗೆ ಒಂದು ಬಿಕ್ಕಟ್ಟು ಹುಟ್ಟಿ, ಬೆಳೆದು, ಒಂದು ಒಳ್ಳೆಯ ಭಾಷಣದಿಂದ ಕರಗಿಬಿಡುತ್ತದೆ. ಚುನಾವಣೆಯಲ್ಲಿ ದುಡ್ಡಿನ ಸದ್ದೇ ಕಡಿಮೆ. ಕ್ಷೇತ್ರದ ಜನ ಬೆಳಿಗ್ಗೆ ಆರಕ್ಕೆ ಮನೆ ಮುಂದೆ ಅರ್ಜಿ ಹಿಡಿದು ನಿಲ್ಲುವುದಿಲ್ಲ. ಜಾತಿಯ ಲೆಕ್ಕ ಹಾಕುವ ಒಬ್ಬನೂ ಇಲ್ಲ. ಇಡೀ ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಅವರ ಅಳತೆಯ ಅಂಗಿ ನಮಗೆ ಆಗುವುದಿಲ್ಲ.

ಆದರೂ ಕಥೆ ಬರೆದವರು ಗಾಳಿಯಲ್ಲಿ ಬರೆದಿರಲಿಲ್ಲ. ತೆರೆಯ ಮೇಲೆ ಮಹಿಳಾ ಪ್ರಧಾನಿ ಬಂದ ಒಂದು ವರ್ಷಕ್ಕೆ, 2011ರ ಅಕ್ಟೋಬರ್ 3ರಂದು, ಹೆಲ್ಲೆ ಥಾರ್ನಿಂಗ್-ಶ್ಮಿಟ್ ಡೆನ್ಮಾರ್ಕಿನ ಮೊದಲ ಮಹಿಳಾ ಪ್ರಧಾನಿಯಾದರು. ಮೂರು ಪಕ್ಷಗಳ ಮೈತ್ರಿ. 2014ರಲ್ಲಿ ಸರ್ಕಾರಿ ವಿದ್ಯುತ್ ಕಂಪನಿಯ ಷೇರನ್ನು ಅಮೆರಿಕದ ಬ್ಯಾಂಕಿಗೆ ಮಾರುವ ವಿಷಯದಲ್ಲಿ ಒಂದು ಪಕ್ಷ ಎದ್ದು ಹೋಯಿತು. ಆಮೇಲಿನದು ಇನ್ನೂ ಮಜ. ಮಾಜಿ ಪ್ರಧಾನಿ ಲಾರ್ಸ್ ಲೂಕ್ಕೆ ರಾಸ್ಮುಸೆನ್ ತಮ್ಮ ಹಳೆಯ ಪಕ್ಷ ಬಿಟ್ಟು ಹೊಸದು ಕಟ್ಟಿದರು. ಅದರ ಹೆಸರು ಮಾಡರೇಟ್ಸ್! 2022ರ ಚುನಾವಣೆಯಲ್ಲಿ 16 ಸ್ಥಾನ ಗೆದ್ದು, ಸರ್ಕಾರ ಸೇರಿ, ವಿದೇಶಾಂಗ ಸಚಿವರೂ ಆದರು. ಅದೇ ವರ್ಷ ಬೋರ್ಗೆನ್‌ನ ನಾಲ್ಕನೇ ಸೀಸನ್‌ನಲ್ಲಿ ನ್ಯೂಬೋರ್ಗ್ ಕೂಡ ವಿದೇಶಾಂಗ ಸಚಿವೆ. ಯಾರು ಯಾರನ್ನು ನೋಡಿ ಬರೆದುಕೊಂಡರು ಅಂತ ನನಗೇ ಗೊಂದಲ.

ಅಮ್ಮನಿಗೆ ಇದ್ಯಾವುದೂ ಬೇಡ. ಅವರು ನಮ್ಮನೆಗೆ ಬಂದಿದ್ದಾಗ ಜೊತೆಗೆ ಕೂತು ಏಳೆಂಟು ಕಂತು ನೋಡಿದರು. ಅಪ್ಪ ಪಕ್ಕದಲ್ಲಿ ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಅರ್ಧ ಅವರ ಸ್ವಂತದ್ದು. ಅಮ್ಮನ ಮೊದಲ ಪ್ರಶ್ನೆ, “ಪ್ರಧಾನಿ ಮನೇಲಿ ಕೆಲಸದವರೇ ಇಲ್ವೇನೇ? ಪಾತ್ರೆ ಇವಳೇ ಇಡ್ತಾಳಲ್ಲ.” ಗಂಡ ಮನೆ ಬಿಟ್ಟು ಹೋದ ಕಂತಿಗೆ ಅಮ್ಮ ಊಟ ಮಾಡಲಿಲ್ಲ. ಆಮೇಲೆ ಮಗಳಿಗೆ ಹುಷಾರು ತಪ್ಪುತ್ತದೆ. ಖಾಸಗಿ ಆಸ್ಪತ್ರೆಗಳಿಗೆ ಸಿಗುವ ಸವಲತ್ತು ಕಡಿಮೆ ಮಾಡಲು ಹೊರಟ ಪ್ರಧಾನಿ, ಮಗಳನ್ನು ಖಾಸಗಿ ಚಿಕಿತ್ಸಾಲಯಕ್ಕೇ ಸೇರಿಸುತ್ತಾಳೆ. ಕ್ಯಾಮೆರಾಗಳು ಅಲ್ಲಿಗೂ ಬರುತ್ತವೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಮಂತ್ರಿಗಳ ಮಕ್ಕಳು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದು ಯಾವಾಗಾದ್ರೂ ನೋಡಿದೀಯಾ? ಇಲ್ಲಿ ಅದು ಸುದ್ದಿನೇ ಅಲ್ಲ” ಅಂದರು. ಅಪ್ಪನಾಗಲಿ ನಾನಾಗಲಿ ಸಂವಿಧಾನ ತಿರುವಿ ಹಾಕಿ ಹುಡುಕಿದ್ದರಲ್ಲಿ ಇಷ್ಟು ನೇರವಾದದ್ದು ಯಾವುದೂ ಇರಲಿಲ್ಲ.

ಒಂದು ದಿನ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡೆ. ಇಲ್ಲದಿರುವ ದೇಶನಾಯಕಿಯ ಸಂಪುಟದ ಐದಾರು ಮಂತ್ರಿಗಳ ಹೆಸರು ಪಟಪಟನೆ ಬಂತು. ನನ್ನ ವಾರ್ಡಿನ ಕಾರ್ಪೊರೇಟರ್ ಯಾರು? ಗೊತ್ತಿರಲಿಲ್ಲ. ನಾಚಿಕೆಯಾಗಿ ಹುಡುಕಿದರೆ ಉತ್ತರ ಇನ್ನೂ ವಿಚಿತ್ರ. ಯಾರೂ ಇಲ್ಲ. ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು. 198 ವಾರ್ಡುಗಳ ಊರನ್ನು ಆಡಳಿತಾಧಿಕಾರಿಯ ಕೈಗೆ ಕೊಟ್ಟಿದ್ದರು. ಅಂದರೆ ಡೆನ್ಮಾರ್ಕಿನ ಎರಡರಷ್ಟು ಜನ ಇರುವ ಊರಿನಲ್ಲಿ ಆಗ ಎಣಿಸಲು ಒಬ್ಬ ಚುನಾಯಿತ ಪಾಲಿಕೆ ಸದಸ್ಯನೂ ಇರಲಿಲ್ಲ. ನಾನು ಕಥೆಯ ಪಾರ್ಲಿಮೆಂಟಿನಲ್ಲಿ 90ರವರೆಗೆ ಎಣಿಸುತ್ತಾ ಕೂತಿದ್ದ ದಿನಗಳಲ್ಲೇ ಇದು ಆಗಿತ್ತು. ನನ್ನ ಗುಂಪುಗಳಲ್ಲಿ ಇದರ ಮೇಲೆ ಒಂದು ಜೋಕು ಕೂಡ ಬಂದಿರಲಿಲ್ಲ.

2023ರ ಮೇ 13ಕ್ಕೆ ನಾನು ರಜೆ ಹಾಕಿ ತುಮಕೂರಿಗೆ ಹೋದೆ, ಅಪ್ಪನ ಜೊತೆ ಕೂತು ಎಣಿಕೆ ನೋಡಲು. ಅಪ್ಪ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಸಿದ್ಧವಾಗಿದ್ದರು. ಮೇಲೆ 113 ಬರೆದು ಸುತ್ತ ವೃತ್ತ. ಮಧ್ಯಾಹ್ನದ ಹೊತ್ತಿಗೆ ಅದರ ಕೆಲಸ ಮುಗಿದಿತ್ತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. “ಈ ಸಲ ನಿನ್ನ ಡೆನ್ಮಾರ್ಕ್ ಆಗ್ಲಿಲ್ಲ ಬಿಡು” ಅಂದರು ಅಪ್ಪ, ಸ್ವಲ್ಪ ಬೇಜಾರಿನಲ್ಲೇ. ಆದರೆ ಕಥೆ ಮುಗಿದಿರಲಿಲ್ಲ. ಮುಖ್ಯಮಂತ್ರಿ ಯಾರು ಅಂತ ಹೇಳಲು 18ನೇ ತಾರೀಕಾಯಿತು. ಎಣಿಕೆ ಒಂದು ದಿನ, ಲೆಕ್ಕಾಚಾರ ಐದು ದಿನ. ಮೈತ್ರಿ ಇಲ್ಲದಿದ್ದರೇನು, ಒಂದೇ ಪಕ್ಷದೊಳಗೆ ಕೋಣೆಗಳು, ಓಣಿಗಳು, ಮುಚ್ಚಿದ ಬಾಗಿಲುಗಳು ಬೇಕಾದಷ್ಟು ಇದ್ದವು.

20ಕ್ಕೆ ಪ್ರಮಾಣ ವಚನ. ನಾನು ಆಗಲೇ ಬೆಂಗಳೂರಿಗೆ ವಾಪಸ್ ಬಂದಿದ್ದೆ. ಟೀವಿಯಲ್ಲಿ ಕಂಠೀರವ ಕ್ರೀಡಾಂಗಣ ತೋರಿಸುತ್ತಿದ್ದರು. ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಆಮೇಲೆ ಎಂಟು ಮಂತ್ರಿಗಳು. ಕಾರ್ಯಕ್ರಮ ಮುಗಿಯುವ ಮುಂಚೆಯೇ ಅಪ್ಪನ ಫೋನ್.

“ನೋಡಿದ್ಯಾ? ಹತ್ತಾಯ್ತು.”

“ಹೂಂ ಅಪ್ಪಾ.”

“34ರಲ್ಲಿ ಹತ್ತು ಹೋದ್ರೆ?”

“24.”

“ಹಾಂ. ಎಣಿಸ್ತಾ ಇರು.”